ಹೆಡ್ ಇಳಿಸೋಕೆ ಮುಂಚೆ ಬ್ಲಾಕಿನ ನಲ್ಲಿ ಬಿಚ್ಚಿ ನೋಡಿ

ನಿಮ್ಮದು ಮೂವತ್ತು ವರ್ಷದ ಟ್ರ್ಯಾಕ್ಟರ್, ಖಾಲಿ ಟ್ರೈಲರ್ ಎಳೆಯುವಾಗ ತೊಂದರೆ ಇಲ್ಲ, ಮಣ್ಣು ಪುಡಿ ಮಾಡೋ ರೋಟವೇಟರ್ ಹಾಕಿದ ಅರ್ಧ ಗಂಟೆಗೆ ಎಂಜಿನ್ ಶಾಖ ತೋರಿಸೋ ಮುಳ್ಳು ಕೆಂಪಿಗೆ ಹೋಗುತ್ತೆ, ಮೆಕ್ಯಾನಿಕ್ ಎಂಜಿನ್ ಮೇಲಿನ ಮುಚ್ಚಳ, ಅಂದರೆ ಹೆಡ್ ಇಳಿಸಬೇಕು ಅಂತಿದ್ದಾರೆ, ಇಳಿಸಲಾ ಬೇಡವಾ ಅಂತ ಕೇಳಿದ್ದೀರಿ. ಸ್ವಲ್ಪ ತಡೀರಿ ಸಾರ್. ನಾನು ಮುಳಬಾಗಿಲು ಕಡೆಯವನು. ನಮ್ಮ ಹಳೇ ಮೂರು ಸಿಲಿಂಡರ್ ಗಾಡಿಗೂ ಇದೇ ರೋಗ ಬಂದಿತ್ತು. ಹೆಡ್ ಇಳಿಸಿ ಅದರಡಿಯ ಗ್ಯಾಸ್ಕೆಟ್ ಪಟ್ಟಿ ಹೊಸದು ಹಾಕಿಸಿದೆ, ಎಂಜಿನ್ ಬಿಸಿಯಾದ ಮೇಲೆ ನೀರನ್ನು ತಣಿಸೋಕೆ ರೇಡಿಯೇಟರ್‌ಗೆ ಬಿಡೋ ಥರ್ಮೋಸ್ಟಾಟ್ ಕಿತ್ತು ಬಿಸಾಕಿಸಿದೆ, ಎರಡು ಸೀಸನ್ ಹಾಗೇ ಹೋಯಿತು. ತೊಂದರೆ ಇದ್ದದ್ದು ನಾನೇ ಬಿಂದಿಗೆಯಲ್ಲಿ ತಂದು ರೇಡಿಯೇಟರ್‌ಗೆ ಸುರಿಯುತ್ತಿದ್ದ ಬೋರ್ ನೀರಲ್ಲಿ.

ಕೋಲಾರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್ ಈಗ ಮಾಮೂಲಿ. ಆ ನೀರು ಎಷ್ಟು ಗಡಸು ಅಂತ ಸ್ನಾನದ ಹಂಡೆಯ ತಳ ನೋಡಿದರೆ ಗೊತ್ತಾಗುತ್ತೆ, ಬಿಳಿ ಚಕ್ಕೆ ಕಟ್ಟಿರುತ್ತೆ. ನೀರು ಕಾದಾಗ ಅದರಲ್ಲಿ ಕರಗಿರುವ ಸುಣ್ಣ ಬೇರೆಯಾಗಿ ಬಿಸಿ ಜಾಗಕ್ಕೇ ಅಂಟಿಕೊಳ್ಳುತ್ತೆ. ಎಂಜಿನ್‌ನಲ್ಲಿ ಬಿಸಿ ಜಾಗ ಅಂದರೆ ಸಿಲಿಂಡರ್ ಸುತ್ತ ಮತ್ತು ಹೆಡ್ ಒಳಗೆ. ಆವಿಯಾಗಿ ಹೋಗೋದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತೆ. ನೀವು ಮತ್ತೆ ಬಿಂದಿಗೆ ಸುರಿದರೆ ಇನ್ನೊಂದು ಪದರ. ಆ ಪದರ ಕಂಬಳಿ ಹೊದಿಸಿದ ಹಾಗೆ, ಕಬ್ಬಿಣದ ಶಾಖವನ್ನು ನೀರಿಗೆ ಬಿಡೋದೇ ಇಲ್ಲ.

ಅದಕ್ಕೇ ಮೊದಲು ಇದನ್ನು ಮಾಡಿ. ಗಾಡಿ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕೆಳಗಿನ ನಲ್ಲಿ ಅಲ್ಲ, ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಒಂದು ಡ್ರೈನ್ ನಲ್ಲಿ ಅಥವಾ ಪ್ಲಗ್ ಇರುತ್ತೆ, ಅದನ್ನು ಬಿಚ್ಚಿ. ಅದನ್ನು ಮುಟ್ಟುವವರು ಕಡಿಮೆ. ನಮ್ಮದರಲ್ಲಿ ಬಿಚ್ಚಿದಾಗ ಒಂದು ತೊಟ್ಟೂ ಬರಲಿಲ್ಲ. ಬೈಂಡಿಂಗ್ ತಂತಿ ಒಳಗೆ ತೂರಿಸಿ ತಿರುವಿದೆ. ಮೊದಲು ಮರಳಿನಂಥ ಚೂರು ಉದುರಿತು, ಆಮೇಲೆ ರಾಗಿ ಅಂಬಲಿ ಥರ ಕಂದು ಗಸಿ ಬುಳಕ್ ಬುಳಕ್ ಅಂತ ಬಂತು, ಅರ್ಧ ಬಕೆಟ್ ಆಯಿತು. ಹಿಂದಿನ ಸಿಲಿಂಡರ್ ಸುತ್ತ ನೀರೇ ಓಡಾಡುತ್ತಿರಲಿಲ್ಲ.

ನಿಮಗೂ ಹಾಗೇ ಬಂದರೆ ಕೆದಕಿ ತೊಳೆಯಿರಿ. ಪದರ ಕರಗಿಸೋಕೆ ಸಿಟ್ರಿಕ್ ಆಸಿಡ್ ಸಾಕು, ಕೆಲವು ಅಂಗಡಿಗಳಲ್ಲಿ ನಿಂಬೆ ಉಪ್ಪು ಅಂತಾರೆ. ಹತ್ತು ಲೀಟರ್ ನೀರಿಗೆ ಕಾಲು ಕೆಜಿ ಹಾಕಿ, ಥರ್ಮೋಸ್ಟಾಟ್ ತೆಗೆದಿಟ್ಟು, ಒಂದು ಗಂಟೆ ಎಂಜಿನ್ ನಿಧಾನಕ್ಕೆ ಓಡಿಸಿ, ಆ ನೀರನ್ನು ಹೊರಕ್ಕೆ ಬಿಟ್ಟು, ನೀರು ತಿಳಿಯಾಗೋವರೆಗೆ ತೊಳೆಯಿರಿ. ಬಚ್ಚಲು ತೊಳೆಯೋ ಆಸಿಡ್ ಮಾತ್ರ ಬೇಡ, ಅದು ಲೋಹವನ್ನೇ ತಿನ್ನುತ್ತೆ. ಒಂದು ಎಚ್ಚರಿಕೆ: ಹಳೇ ರೇಡಿಯೇಟರ್‌ನ ಸಣ್ಣ ತೂತುಗಳನ್ನು ಆ ಸುಣ್ಣವೇ ಮುಚ್ಚಿರಬಹುದು, ತೊಳೆದ ಮೇಲೆ ಸೋರಿದರೆ ಬೆಸುಗೆ ಹಾಕಿಸಬೇಕಾಗುತ್ತೆ.

ಹೊರಗಡೆಯೂ ನೋಡಿ. ರಾಗಿ ಒಕ್ಕಣೆ ಮುಗಿದ ಮೇಲೆ ರೇಡಿಯೇಟರ್ ಜಾಲರಿಯಲ್ಲಿ ಹೊಟ್ಟು ಕೂತಿರುತ್ತೆ, ಎಣ್ಣೆ ಪಸೆ ಸೇರಿದರೆ ದಪ್ಪ ಚಾಪೆ. ಫ್ಯಾನ್ ಗಾಳಿಯನ್ನು ಮುಂದಿನಿಂದ ಎಳೆಯೋದರಿಂದ ನೀವು ಹಿಂದಿನಿಂದ, ಅಂದರೆ ಫ್ಯಾನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೀಬೇಕು. ಮುಂದಿನಿಂದ ಹೊಡೆದರೆ ಹೊಟ್ಟು ಇನ್ನೂ ಒಳಕ್ಕೆ ಹೋಗುತ್ತೆ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ, ಅರ್ಧ ಇಂಚಿಗಿಂತ ಜಾಸ್ತಿ ಬಗ್ಗಬಾರದು.

ರೇಡಿಯೇಟರ್ ಕ್ಯಾಪನ್ನೂ ಸಸಾರ ಮಾಡಬೇಡಿ. ನಮ್ಮ ಸೀಮೆ ಸಮುದ್ರ ಮಟ್ಟಕ್ಕಿಂತ 800 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ನೀರು 100 ಡಿಗ್ರಿವರೆಗೆ ಕಾಯಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತೆ. 7 ಪಿಎಸ್‌ಐ (ಒತ್ತಡದ ಅಳತೆ) ಕ್ಯಾಪ್ ಸರಿಯಾಗಿ ಒತ್ತಡ ಹಿಡಿದರೆ ಅದಕ್ಕೆ ಹತ್ತು ಡಿಗ್ರಿಗಿಂತ ಹೆಚ್ಚು ಸೇರುತ್ತೆ. ರಬ್ಬರ್ ಸೀಳಿದ ಕ್ಯಾಪ್ ಹಾಕಿಕೊಂಡರೆ ಆ ಹತ್ತು ಡಿಗ್ರಿ ಹೋಯಿತು ಅಂತಲೇ.

ಇನ್ನು ಹೆಡ್ ವಿಷಯ. ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ನೀರಲ್ಲಿ ಒಂದೇ ಸಮನೆ ಗುಳ್ಳೆ ಏಳುತ್ತಿದ್ದರೆ, ಅಥವಾ ಆಯಿಲ್ ಮಟ್ಟ ನೋಡೋ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಆಗ ಮೆಕ್ಯಾನಿಕ್ ಹೇಳಿದ್ದು ಸರಿ ಇರಬಹುದು. ನಿಮ್ಮದು ಲೋಡ್ ಬಿದ್ದಾಗ ಮಾತ್ರ, ಅದೂ ಅರ್ಧ ಗಂಟೆ ಆದ ಮೇಲೆ ಕಾಯುತ್ತಿದೆ. ನನ್ನ ಪ್ರಕಾರ ನೀರು ಓಡಾಡೋ ದಾರಿ ಅಥವಾ ಗಾಳಿ ಹೋಗೋ ದಾರಿ ಕಟ್ಟಿದೆ. ತೊಳೆಯುವಾಗ ಬಿಟ್ಟರೆ, ಥರ್ಮೋಸ್ಟಾಟ್ ತೆಗೆದೇ ಓಡಿಸಿ ಅನ್ನೋರ ಮಾತು ಕೇಳಬೇಡಿ. ಕೆಲವು ಎಂಜಿನ್‌ಗಳಲ್ಲಿ ಅದು ಇಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಹಾಗೇ ವಾಪಸ್ ಬರುತ್ತೆ.

ಮುಳ್ಳು ಕೆಂಪಿಗೆ ಹೋದ ತಕ್ಷಣ ಕ್ಯಾಪ್ ತಿರುಗಿಸಬೇಡಿ, ದಯವಿಟ್ಟು. ನಮ್ಮ ಚಿಕ್ಕಪ್ಪನ ಮೊಣಕೈವರೆಗೆ ಚರ್ಮ ಸುಲಿದದ್ದು ನಾನು ಕಣ್ಣಾರೆ ನೋಡಿದ್ದೀನಿ. ರೋಟವೇಟರ್ ಎತ್ತಿ, ನೀರು ಸೋರದಿದ್ದರೆ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ಬಿಸಿ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು.

ತೊಳೆದ ಮೇಲೆ ಬೋರ್ ನೀರು ಮತ್ತೆ ಹಾಕಬೇಡಿ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರು ಒಳ್ಳೇದು. ನಾನು ಮೊದಲ ಮಳೆ ಬಿಟ್ಟು ಆಮೇಲಿನ ಮಳೆ ನೀರನ್ನು ತಾರಸಿಯಿಂದ ಡ್ರಮ್ಮಿಗೆ ಹಿಡಿದು, ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ತೀನಿ. ಬ್ಲಾಕಿನ ನಲ್ಲಿ ಬಿಚ್ಚಿದಾಗ ಏನು ಬಂತು ಅಂತ ಇಲ್ಲೇ ಬರೀರಿ, ಮುಂದಿನದು ಹೇಳ್ತೀನಿ.