ಪಟ್ಟಿ ಕೊಡಂಗಿಲ್ಲ, ಓದ್ತಿರೋದು ಹೇಳ್ತೀನಿ

"ಸದ್ಯ ನೀವೆಲ್ಲ ಯಾವ ಕನ್ನಡ ಪುಸ್ತಕ ಓದಿ ಖುಷಿ ಪಡ್ತಿದ್ದೀರಿ? ಹೆಸರು ಕೊಟ್ಟರೆ ಪಟ್ಟಿ ಮಾಡಿಕೊಂಡು ಒಂದೊಂದೇ ಮುಗಿಸ್ತೀನಿ" ಅಂತ ಕೇಳಿದ್ದೀರಿ. ಏನು ಓದ್ತಿದ್ದೀನಿ ಅನ್ನೋದು ಆಮೇಲೆ ಹೇಳ್ತೀನಿ. ಆ ಪಟ್ಟಿ ಮಾಡಿ ಮುಗಿಸೋದು ಅಂತೀರಲ್ಲ, ಅದರಿಂದ ನಾನು ಪಟ್ಟ ಪಾಡು ಮೊದಲು ಕೇಳ್ರಿ.

2013ರ ಫೆಬ್ರವರಿಯಲ್ಲಿ ನಮ್ಮೂರಲ್ಲಿ 79ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆಯಿತು. ಊರಿಗೆ ಆಗಿನ್ನೂ ಬಿಜಾಪುರ ಅಂತಲೇ ಹೆಸರು, ವಿಜಯಪುರ ಆದದ್ದು ಮರುವರ್ಷ. ಗೋಷ್ಠಿಯಲ್ಲಿ ಯಾರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ನಾನಿದ್ದದ್ದು ಪುಸ್ತಕದ ಮಳಿಗೆಗಳಲ್ಲಿ. ಕೈಯಲ್ಲೊಂದು ಚೀಟಿ. ಕನ್ನಡದಾಗ ಹುಟ್ಟಿದ ಮ್ಯಾಲೆ ಇವನ್ನ ಓದಲೇಬೇಕು ಅಂತ ಆಫೀಸಿನ ಹಿರಿಯರೊಬ್ಬರು ಬರೆದುಕೊಟ್ಟಿದ್ದು. ಎರಡು ಕೈಚೀಲ ತುಂಬಿಸಿಕೊಂಡು ಮನೆಗೆ ಬಂದೆ. ಮೇಲೊಂದು ಪ್ರತಿಜ್ಞೆ ಬೇರೆ: ಚೀಟಿಯ ಕ್ರಮ ತಪ್ಪಿಸಂಗಿಲ್ಲ, ಹಿಡಿದದ್ದು ಮುಗಿಯೋತನಕ ಇನ್ನೊಂದು ಮುಟ್ಟಂಗಿಲ್ಲ.

ಚೀಟಿಯ ಮೊದಲ ಹೆಸರು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’.

ಪುಸ್ತಕದ್ದು ಏನೂ ತಪ್ಪಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಗುತ್ತಿ ತನ್ನ ನಾಯಿ ಹುಲಿಯನನ್ನು ಕಟ್ಟಿಕೊಂಡು ಕಾಡಿನ ಹಾದಿ ಹಿಡೀತಾನೆ. ನಾನೋ ಎರೆಹೊಲದ ಸೀಮೆಯವನು. ಬದುವಿನ ಮೇಲೊಂದು ಬೇವಿನ ಮರ ಕಂಡರೆ ನಮಗೆ ಅದೇ ದೊಡ್ಡ ನೆರಳು. ಹಳು, ಹಾಡ್ಯ ಅಂತ ಮಲೆನಾಡಿನ ಕಾಡಿನ ಮಾತು ಬಂದಲ್ಲೆಲ್ಲ ಕಾಲು ಸಿಕ್ಕಿಕೊಳ್ತಿತ್ತು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ ಅಂತ ಕುವೆಂಪು ಮೊದಲೇ ಬರೆದಿಟ್ಟಿದ್ದಾರೆ. ನಾನು ದಿನಕ್ಕಿಷ್ಟು ಪುಟ ಅಂತ ಲೆಕ್ಕ ಹಾಕಿಕೊಂಡು ಕೂತವನು, ಆ ಮಾತನ್ನೇ ಹಾರಿಸಿ ಮುಂದೆ ಓಡಿದ್ದೆ. ಗುತ್ತಿ ಇನ್ನೂ ನಡೀತಾನೇ ಇದ್ದ, ನಾನು ನಿಂತುಬಿಟ್ಟೆ.

ನಿಲ್ಲೋದು ಸಹಜ. ಬದಿಗಿಟ್ಟು ಬೇರೆ ಏನಾದರೂ ಓದಿ, ಮಳೆಗಾಲದಲ್ಲೋ ಮತ್ಯಾವಾಗಲೋ ಮತ್ತೆ ಹಿಡಿದರೆ ಆಯಿತು. ಆದರೆ ಪ್ರತಿಜ್ಞೆ ಅಡ್ಡ ಬಂತು! ಇದು ಮುಗಿಯುತ್ತಿಲ್ಲ, ಇದು ಮುಗಿಯದೆ ಇನ್ನೊಂದು ತೆಗೆಯಂಗಿಲ್ಲ, ಹಾಗಾಗಿ ಏನೂ ಓದಂಗಿಲ್ಲ. ನಾನು ಪತ್ತಿನ ಸೊಸೈಟಿಯಲ್ಲಿ ವಸೂಲಿ ನೋಡಿಕೊಳ್ಳುವವನು. ಕಂತು ತಪ್ಪಿದವರು ನಮ್ಮ ಆಫೀಸಿನ ಓಣಿಯನ್ನೇ ತಪ್ಪಿಸಿ ಓಡಾಡೋದು ದಿನಾ ಕಾಣ್ತೀನಿ. ಮನೆಯಲ್ಲಿ ನನ್ನ ಪುಸ್ತಕದ ಕಪಾಟಿನ ಮುಂದೆ ನಾನೂ ಹಾಗೇ ಓಡಾಡತೊಡಗಿದೆ. ಚಿಕ್ಕಂದಿನಿಂದ ಸಿಕ್ಕಿದ್ದೆಲ್ಲ ಓದ್ತಿದ್ದವನು ವರ್ಷಗಟ್ಟಲೆ ಪೇಪರಿನಾಚೆ ಒಂದಕ್ಷರ ಓದಲಿಲ್ಲ.

ಅಷ್ಟರಲ್ಲಿ ಮದುವೆಯಾಯಿತು. ಮಾವನವರು ಜಮಖಂಡಿಯಲ್ಲಿ ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತರಾದವರು, ಮನೆ ತುಂಬ ಪುಸ್ತಕ. ಅಳಿಯಂದಿರು ಓದೋರು ಅಂತ ಯಾರೋ ಹೇಳಿದ್ದರಂತೆ. ಸಲುಗೆಯಿಂದ ಕೇಳಿದರು, "ಏನ್ ಓದಾಕತ್ತೀರಿ?" ನಾನು ‘ಮದುಮಗಳು’ ಮುಗಿಸಿದೆ ಅಂದುಬಿಟ್ಟೆ.

"ಹೌದಾ! ಕಡೀಕ ಆ ಹುಲಿಯಂದು ಓದಿದಾಗ ಹೆಂಗಾತ್ರೀ ನಿಮಗ?"

"ಮನಿ ಸೇರಿತಲ್ರೀ ಮಾವಾರ, ಸಮಾಧಾನ ಆತು."

ಓದಿದವರು ಇಲ್ಲಿ ತಲೆ ಚಚ್ಚಿಕೊಂಡಿರ್ತೀರಿ. ಓದದವರು ಈ ಮುಂದಿನ ಸಾಲು ಬಿಡ್ರಿ: ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಕೊಂಡು ಹೋಗ್ತದೆ. ಮಾವನವರು ಏನೂ ಅನ್ನಲಿಲ್ಲ. "ಚಾ ಆರ್ತದ, ತಗೋರಿ" ಅಂದರು. ಅಂದಿನಿಂದ ನನ್ನ ಜೊತೆ ಮಳೆ ಮಾತಾಡಿದರು, ಕಬ್ಬಿನ ಬಿಲ್ಲಿನ ಮಾತಾಡಿದರು, ಪುಸ್ತಕದ ಸುದ್ದಿ ಮಾತ್ರ ಎತ್ತಲಿಲ್ಲ. ಅಂಥ ಮನುಷ್ಯನ ಹತ್ತಿರ ಕೂತು ಕೇಳಬಹುದಾಗಿದ್ದ ಎಷ್ಟು ಮಾತು ಹೋಯಿತೋ. ಇಷ್ಟಕ್ಕೂ ಕಾರಣ ಆ ಚೀಟಿ. "ಅರ್ಧಕ್ಕೆ ಬಿಟ್ಟೀನ್ರಿ" ಅನ್ನೋದನ್ನೇ ದೊಡ್ಡ ಅವಮಾನ ಅಂತ ನಾನು ಮಾಡಿಕೊಂಡಿರದಿದ್ದರೆ ಸುಳ್ಳು ಹೇಳೋ ಪ್ರಸಂಗವೇ ಬರ್ತಿರಲಿಲ್ಲ.

ಕಡೆಗೆ ಅವರೇ ಸೋತರು. ಒಂದು ಸಲ ನಾವು ಹೊರಟಾಗ ತಮ್ಮ ಮಗಳ ಚೀಲದಲ್ಲಿ ರಾವ್‌ಬಹಾದ್ದೂರರ ‘ಗ್ರಾಮಾಯಣ’ ಇಟ್ಟು, "ನಿಮ್ಮ ಯಜಮಾನರಿಗೆ ಕೊಡು. ಬ್ಯಾಸರಾದ್ರ ಬಿಡ್ಲಿ, ಮುಗಿಸಲೇಬೇಕಂತೇನಿಲ್ಲ ಅಂತ ಹೇಳು" ಅಂದಿದ್ದರು. 1957ರ ಕಾದಂಬರಿ, ಬರೆದವರು ಅಲ್ಲೇ ಹಿರೇಪಡಸಲಗಿಯವರು. ಕೃಷ್ಣಾ ದಂಡೆಯ ಹಳ್ಳಿಯೊಂದು ಜಗಳ, ಹೊಟ್ಟೆಕಿಚ್ಚು, ದುರಾಸೆಗಳಿಂದ ಹಾಳಾಗುತ್ತ ಹೋಗುವ ಕತೆ. ಹಳ್ಳಿ ಅಂದರೆ ಸ್ವರ್ಗ ಅನ್ನೋರಿಗೆ ಇದನ್ನ ಕೈಗೆ ಕೊಡಬೇಕು. ನಮ್ಮ ಕಾಕಾ, ನಮ್ಮ ಓಣಿಯ ಗೌಡ್ರು ಮಾತಾಡಿದಂಗೇ ಕೇಳ್ತಿತ್ತು, ಕೆಳಗಿಡೋಕಾಗಲಿಲ್ಲ. ಅದಾದ ಮೇಲೆ ಬೇಕೆನಿಸಿದ್ದೆಲ್ಲ ಓದಿದೆ, ಬೇಡವಾದದ್ದನ್ನ ಬಿಟ್ಟೆ. ಎಷ್ಟೋ ದಿನದ ನಂತರ ತಾನಾಗೇ ಮನಸ್ಸಾಗಿ ‘ಮದುಮಗಳು’ ತೆಗೆದರೆ ಗುತ್ತಿಯ ಜೊತೆ ಸಲೀಸಾಗಿ ನಡೆದೆ. ಮಾವನವರಿಗೆ ಫೋನ್ ಮಾಡಿ, "ಹುಲಿಯ ಮನಿ ಸೇರಲಿಲ್ರೀ" ಅಂದೆ. "ಗೊತ್ತೈತಿ ಬಿಡ್ರಿ" ಅಂತ ನಕ್ಕರು.

ಈಗ ಓದ್ತಿರೋದು. ಮೂರು ಪುಸ್ತಕ ಒಟ್ಟಿಗೇ ನಡೆದಿವೆ. ಒಂದು ‘ಗರತಿಯ ಹಾಡು’, ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಪದಗಳನ್ನ ಕೂಡಿಸಿ 1931ರಲ್ಲಿ ತಂದದ್ದು. ಇದನ್ನ ಒಬ್ಬರೇ ಕೂತು ಓದಬಾರದು. ನಾನೊಂದು ತ್ರಿಪದಿ ಓದಿದರೆ ಅತ್ತೆಯವರು, "ನಮ್ಮಲ್ಲಿ ಹಂಗ ಹಾಡಂಗಿಲ್ರೀ" ಅಂತ ತಮ್ಮದೊಂದು ಶುರು ಮಾಡ್ತಾರೆ, ಪುಸ್ತಕ ಅಲ್ಲೇ ಉಳೀತದೆ.

ಎರಡನೇದು ತೇಜಸ್ವಿಯವರ ‘ಕರ್ವಾಲೋ’, ಮಗಳಿಗೆ ಓದಿ ಹೇಳ್ತಿದ್ದೀನಿ. ಅವಳಿಗೆ ಹಾರುವ ಓತಿ ಸಿಗ್ತದೋ ಇಲ್ಲೋ ಅಷ್ಟೇ ಬೇಕು. ಮಂದಣ್ಣನ ಮದುವೆ ವಿಷಯ ಬಂದರೆ ಹಾರಿಸು ಅಂತಾಳೆ. ಹಾರಿಸ್ತೀನಿ.

ಮೂರನೇದು ಬಾನು ಮುಷ್ತಾಕ್ ಅವರ ಕತೆಗಳು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ವಾರ ಎಲ್ಲರ ಸ್ಟೇಟಸ್ಸಿನಲ್ಲೂ ಅವರೇ. ನಾನು ಗದ್ದಲ ಅಡಗಿದ ಮೇಲೆ ತೆಗೆದೆ. ‘ಎದೆಯ ಹಣತೆ’ ಕತೆಯಲ್ಲಿ ಬೆಂಕಿ ಹಚ್ಚಿಕೊಳ್ಳಲು ಹೊರಟ ತಾಯಿಯನ್ನು ಮಗಳು ತಡೆಯುವ ಜಾಗ ಓದಿ ಪುಸ್ತಕ ಮುಚ್ಚಿದವನು ಇನ್ನೂ ಮುಂದಿನ ಕತೆಗೆ ಹೋಗಿಲ್ಲ. ಪಟ್ಟಿ ಹಿಡಿದಿದ್ದ ಕಾಲದಲ್ಲಾಗಿದ್ದರೆ ಮರುದಿನವೇ ಮುಂದಿನದಕ್ಕೆ ಹಾರಿ ಟಿಕ್ ಹಾಕ್ತಿದ್ದೆ.

ನನ್ನ ಕೇಳಿದರೆ ಈ ಮೂರನ್ನೂ ಬರೆದಿಟ್ಟುಕೊಳ್ಳಬೇಡಿ. ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ, ಕಪಾಟಿನ ಮುಂದೆ ನಿಂತು ನಾಲ್ಕು ಪುಸ್ತಕದ ನಡುವಿನ ಪುಟ ತೆರೆದು ನೋಡಿ, ಹಿಡಿಸಿದ್ದೊಂದನ್ನ ತನ್ನಿ. ಹಿಡಿಸದಿದ್ದರೆ ವಾಪಸ್ ಕೊಡಿ, ಯಾರೂ ಕೇಳಲ್ಲ. ಅಷ್ಟರ ಮೇಲೂ ಹೆಸರು ಬೇಕೇ ಬೇಕು ಅಂದರೆ ನೀವು ಯಾವ ಸೀಮೆಯವರು, ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಅಂತ ಕೆಳಗೆ ಬರೀರಿ. ಒಂದೇ ಒಂದು ಹೇಳ್ತೀನಿ.