ಡ್ಯೂಕ್, ನಾರ್ತ್‌ವೆಸ್ಟರ್ನ್: ಎಲ್ಲಿಗೆ ಮೊದಲು ಅರ್ಜಿ?

ಮಗನಿಗೆ ಅರ್ಥಶಾಸ್ತ್ರ ಓದಲು ಅಮೆರಿಕದ ಈ ಎರಡು ವಿಶ್ವವಿದ್ಯಾಲಯಗಳಲ್ಲಿ ಡ್ಯೂಕ್ ಒಳ್ಳೆಯದೋ ನಾರ್ತ್‌ವೆಸ್ಟರ್ನೋ, ರ‍್ಯಾಂಕಿಂಗ್‌ನಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆಯಲ್ಲ ಎಂದು ಕೇಳಿದ್ದೀರಿ. ಹಾಗಿದ್ದರೆ ರ‍್ಯಾಂಕಿಂಗ್ ಪಟ್ಟಿಯನ್ನು ಮಡಿಸಿಟ್ಟು ಕ್ಯಾಲೆಂಡರ್ ತೆರೆಯಿರಿ.

ನಾರ್ತ್‌ವೆಸ್ಟರ್ನ್‌ನಲ್ಲಿ ಕ್ವಾರ್ಟರ್ ಪದ್ಧತಿ. ಸುಮಾರು 10 ವಾರಗಳಲ್ಲಿ ಒಂದು ವಿಷಯ ಮುಗಿದೇ ಹೋಗುತ್ತದೆ. ಮೂರನೆಯ ವಾರಕ್ಕೇ ಪರೀಕ್ಷೆ ಎದುರಾದರೂ ಆಶ್ಚರ್ಯವಿಲ್ಲ. ಹಲವು ವಿಷಯಗಳ ರುಚಿ ನೋಡುವ ಹುಡುಗನಿಗೆ ಇದು ಹಬ್ಬ, ನಿಧಾನವಾಗಿ ಕುದುರಿಕೊಳ್ಳುವವನಿಗೆ ಓಟದ ಪಂದ್ಯ. ತರಗತಿಗಳು ಜೂನ್‌ವರೆಗೂ ನಡೆಯುವುದರಿಂದ ಮೇ ತಿಂಗಳಲ್ಲೇ ಶುರುವಾಗುವ ಇಂಟರ್ನ್‌ಶಿಪ್‌ಗಳು ಕೈತಪ್ಪಬಹುದು. ಡ್ಯೂಕ್‌ನದು ಸೆಮಿಸ್ಟರ್, ಆ ತೊಂದರೆ ಇಲ್ಲ.

ನಾರ್ತ್‌ವೆಸ್ಟರ್ನ್ ಇರುವ ಇವಾನ್‌ಸ್ಟನ್‌ನಿಂದ ಶಿಕಾಗೊಗೆ ರೈಲಿದೆ, ಚಳಿ ಮಾತ್ರ ಮೂಳೆ ಕೊರೆಯುತ್ತದೆ. ಡ್ಯೂಕ್ ಇರುವ ಡರ್ಹಮ್‌ನ ಹವೆ ಹಿತ, ಆದರೆ ಊರು ಸುತ್ತಲು ಕಾರು ಬೇಕೆನಿಸುತ್ತದೆ.

‘ಅರ್ಲಿ ಡಿಸಿಷನ್’, ಅಂದರೆ ಸಾಮಾನ್ಯ ಗಡುವಿಗಿಂತ ಮೊದಲೇ ಸಲ್ಲಿಸುವ ಅರ್ಜಿಯನ್ನು ಎರಡರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಸೀಟು ಸಿಕ್ಕರೆ ಸೇರಲೇಬೇಕು. ನೀವು ಭಾರತದಿಂದ ಅರ್ಜಿ ಹಾಕುತ್ತಿದ್ದರೆ, ಹಣಕಾಸಿನ ನೆರವು ಬೇಕೆಂದು ಕೇಳುವುದನ್ನೂ ಎರಡೂ ಕಡೆ ಪ್ರವೇಶದ ವೇಳೆ ಗಣನೆಗೆ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಅವರವರ ಜಾಲತಾಣದಲ್ಲಿರುವ ವೆಚ್ಚದ ಲೆಕ್ಕಾಚಾರವನ್ನು ಈ ವಾರವೇ ಮಾಡಿ ನೋಡಿ. ನನ್ನ ಮಗನಾಗಿದ್ದರೆ ಡ್ಯೂಕ್‌ಗೇ ಹಾಕಿಸುತ್ತಿದ್ದೆ, ಅವನಿಗೆ ಬೆಳಗ್ಗೆ ಏಳುವುದೇ ಒಂದು ಸೆಮಿಸ್ಟರ್‌ನ ಕೆಲಸ.