ಐಬಿಎಂ ಐ ಆರ್‌ಪಿಜಿ: ಡೈನಾಮಿಕ್ ಕಾಲ್ ಯಾವಾಗ, ಬೌಂಡ್ ಕಾಲ್ ಯಾವಾಗ?

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಲೆಕ್ಕದಲ್ಲಿ ಪ್ರತಿ ಲಾಟಿಗೂ ಔಟ್‌ಟರ್ನ್ (ಕ್ಯೂರಿಂಗ್ ನಂತರ ಸಿಗುವ ಕಾಫಿಬೀಜದ ಪ್ರಮಾಣ) ಲೆಕ್ಕ ಹಾಕುವ ಕೋಡನ್ನು, ಐಬಿಎಂ ಐ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಆರ್‌ಪಿಜಿ ಭಾಷೆಯಲ್ಲಿ, ಹೇಗೆ ಕರೆಯಬೇಕು ಅಂತ ಕೇಳಿದ್ದೀರಿ. ಬೌಂಡ್ ಕಾಲೇ (ಪ್ರೋಗ್ರಾಮ್ ಕಟ್ಟುವಾಗಲೇ ಜೋಡಿಸಿಟ್ಟ ಕರೆ) ಸರಿ, ಅದೂ ಸರ್ವಿಸ್ ಪ್ರೋಗ್ರಾಮ್ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡು) ಮೂಲಕ.

ಡೈನಾಮಿಕ್ ಕಾಲ್‌ನಲ್ಲಿ ಪ್ರೋಗ್ರಾಮ್ ಎಲ್ಲಿದೆ ಅಂತ ಓಡುವಾಗ ಲೈಬ್ರರಿ ಲಿಸ್ಟಿನಲ್ಲಿ (ಸಿಸ್ಟಮ್ ಕ್ರಮವಾಗಿ ಹುಡುಕುವ ಲೈಬ್ರರಿಗಳ ಪಟ್ಟಿ) ಹುಡುಕುತ್ತದೆ. ಮೆನುವಿನಿಂದ ಒಮ್ಮೆ ಕರೆಯುವ ವರದಿಗೆ ಅದು ಸಾಕು. ಸಾವಿರಾರು ಸಲ ಕರೆಯುವ ಕಡೆ ಹೊರೆ ಗೊತ್ತಾಗುತ್ತದೆ.

ಬೌಂಡ್ ಕಾಲ್‌ಗೆ ಸಿಆರ್‌ಟಿಬಿಎನ್‌ಡಿಆರ್‌ಪಿಜಿ (CRTBNDRPG) ಎಂಬ ಕಂಪೈಲ್ ಕಮಾಂಡ್ ಕೊಡುವಾಗ ಡಿಎಫ್‌ಟಿಎಸಿಟಿಜಿಆರ್‌ಪಿ (DFTACTGRP) ಆಯ್ಕೆ ನೋ (*NO) ಇರಲೇಬೇಕು. ಡೀಫಾಲ್ಟ್ ಯೆಸ್ (*YES) ಹಾಗೇ ಬಿಟ್ಟರೆ ಕಂಪೈಲ್ ಆಗುವುದಿಲ್ಲ. ಮಾಡ್ಯೂಲನ್ನು (ಕಂಪೈಲ್ ಆದ ಕೋಡಿನ ತುಂಡು) ನೇರವಾಗಿ ಬೈಂಡ್ ಮಾಡಿದರೆ ಅದರ ಪ್ರತಿ ಪ್ರೋಗ್ರಾಮಿನೊಳಗೇ ಕೂರುತ್ತದೆ, ಸೂತ್ರ ಬದಲಾದಾಗ ಎಲ್ಲವನ್ನೂ ಅಪ್‌ಡೇಟ್ ಮಾಡಬೇಕು. ಸರ್ವಿಸ್ ಪ್ರೋಗ್ರಾಮಿಗೆ ಆ ಕಷ್ಟವಿಲ್ಲ. ಆದರೆ ಹೊಸ ಪ್ರೊಸೀಜರನ್ನು ಬೈಂಡರ್ ಸೋರ್ಸಿನ ಎಕ್ಸ್‌ಪೋರ್ಟ್ ಪಟ್ಟಿಯ (ಹೊರಗಿನವರು ಕರೆಯಬಹುದಾದ ಪ್ರೊಸೀಜರುಗಳ ಪಟ್ಟಿ) ಕೊನೆಗೇ ಸೇರಿಸಿ, ಹಳೆಯ ಪಟ್ಟಿಯನ್ನು ಪಿಆರ್‌ವಿ (*PRV, ಅಂದರೆ ಹಿಂದಿನದು) ಬ್ಲಾಕಾಗಿ ಉಳಿಸಿ. ಮರೆತರೆ ಸಿಗ್ನೇಚರ್ (ಆ ಪಟ್ಟಿಯ ಗುರುತು) ಹೊಂದದೆ ಹಳೆಯ ಪ್ರೋಗ್ರಾಮುಗಳು ನಿಲ್ಲುತ್ತವೆ.

ಎರಡಕ್ಕೂ ಒಂದೇ ಎಚ್ಚರ: ಪ್ರೋಟೊಟೈಪನ್ನು (ಕರೆಗೆ ಕೊಡುವ ಮೌಲ್ಯಗಳ ವಿವರ) ಒಂದೇ ಕಾಪಿ ಮೆಂಬರಿನಲ್ಲಿಟ್ಟು ಕರೆಯುವ ಕೋಡು, ಕರೆಸಿಕೊಳ್ಳುವ ಕೋಡು ಎರಡರಲ್ಲೂ ಸೇರಿಸಿ. ಕರೆಯುವವರು 7,2 ಪ್ಯಾಕ್ಡ್ (ಒಟ್ಟು 7 ಅಂಕಿ, ಅದರಲ್ಲಿ 2 ದಶಮಾಂಶ; ಅರ್ಧ ಬೈಟಿಗೊಂದು ಅಂಕಿ, ಕೊನೆಯ ಅರ್ಧದಲ್ಲಿ ಚಿಹ್ನೆ) ಕೊಟ್ಟು ಒಳಗೆ 9,2 ಇದ್ದರೆ, 4 ಬೈಟಿನ ಜಾಗದಲ್ಲಿ 5 ಬೈಟ್ ಓದುತ್ತದೆ. ಮಧ್ಯದ ಚಿಹ್ನೆಯ ಅರ್ಧ ಬೈಟನ್ನು ಅಂಕಿಯೆಂದು ಓದಿ ಡೆಸಿಮಲ್ ಡೇಟಾ ಎರರ್ ಬರುತ್ತದೆ.